ನೀರುಗಿಡದ ಗುರುತು ಹೂವಿನಲ್ಲಿದೆ

ಪ್ರಶ್ನೆ: ನಮ್ಮ ತೋಟದಂಚಿನ ಹಳ್ಳದಿಂದ ಕಿರಿದಾದ ಉದ್ದ ಎಲೆಗಳ ನೀರುಗಿಡವೊಂದನ್ನು ತಂದು ಮೀನಿನ ತೊಟ್ಟಿಯಲ್ಲಿ ನೆಟ್ಟೆ. ಹತ್ತೇ ದಿನಗಳಲ್ಲಿ ಎಲೆಗಳೆಲ್ಲ ಕರಗಿದವು. ಬಲ್ಲವರೊಬ್ಬರು ಇದು ಕ್ರಿಪ್ಟೋಕೋರಿನ್ ಎಂದರು, ಇನ್ನೊಬ್ಬರು ಲಗೆನಾಂಡ್ರ ಎಂದರು. ಗಿಡ ಸತ್ತಿದೆಯೇ? ಇದನ್ನು ಗುರುತಿಸುವುದು ಹೇಗೆ?
— ಓದುಗರೊಬ್ಬರು, ತೀರ್ಥಹಳ್ಳಿ

ಉತ್ತರ: ಮಣ್ಣೊಳಗಿನ ಗೆಡ್ಡೆಯನ್ನು ಮೆಲ್ಲಗೆ ಒತ್ತಿ ನೋಡಿ. ಅದು ಗಟ್ಟಿಯಾಗಿದ್ದರೆ ಗಿಡ ಬದುಕಿದೆ, ದಯವಿಟ್ಟು ಕಿತ್ತೆಸೆಯಬೇಡಿ. ನೀರು, ಬೆಳಕು, ಜಾಗ ಇವುಗಳಲ್ಲಿ ಯಾವುದು ಥಟ್ಟನೆ ಬದಲಾದರೂ ಕ್ರಿಪ್ಟೋಕೋರಿನ್ ತನ್ನ ಹಳೆಯ ಎಲೆಗಳನ್ನು ಕಳೆದುಕೊಳ್ಳುತ್ತದೆ. ಕೊಳೆತ ಎಲೆಗಳನ್ನು ತೆಗೆದು, ಗೆಡ್ಡೆಯನ್ನು ಕದಲಿಸದೆ ಕೆಲವು ವಾರ ಬಿಟ್ಟರೆ ಹೊಸ ಸುಳಿ ಹೊರಡುತ್ತದೆ.

ಆ ಸುಳಿಯೇ ನಿಮಗೆ ಮೊದಲ ಸುಳಿವು ಕೊಡುತ್ತದೆ. ಈ ಎರಡೂ ಕುಲಗಳು ನಮ್ಮ ಕೆಸುವಿನ ಕುಟುಂಬಕ್ಕೇ ಸೇರಿದವು. ಕ್ರಿಪ್ಟೋಕೋರಿನ್‌ನ ಎಳೆಯ ಎಲೆ ಬಾಳೆಯ ಸುಳಿಯಂತೆ, ಒಂದು ಅಂಚು ಒಳಗಾಗಿ ಇನ್ನೊಂದು ಅದನ್ನು ಸುತ್ತಿಕೊಂಡು ಹೊರಬರುತ್ತದೆ. ಲಗೆನಾಂಡ್ರದಲ್ಲಾದರೋ ಎರಡೂ ಅಂಚುಗಳು ನಡುನರದ ಕಡೆಗೆ ಬೇರೆಬೇರೆ ಸುರುಳಿಗಳಾಗಿ ಮಡಚಿಕೊಂಡಿರುತ್ತವೆ. ಬರಿಗಣ್ಣಿಗೆ ಕಾಣುವ ಈ ವ್ಯತ್ಯಾಸವನ್ನು ನಾನು ಎಲೆಯ ಬಣ್ಣ ಅಥವಾ ಅಗಲಕ್ಕಿಂತ ಹೆಚ್ಚು ನಂಬುತ್ತೇನೆ, ಏಕೆಂದರೆ ಬಣ್ಣವೂ ಅಗಲವೂ ನೀರಿನ ಆಳ ಮತ್ತು ಬೆಳಕಿಗೆ ತಕ್ಕಂತೆ ಒಂದೇ ಗಿಡದಲ್ಲಿ ಬದಲಾಗುತ್ತವೆ.

ಕುಲ ತಿಳಿದರೂ ಪ್ರಭೇದ ತಿಳಿಯಲು ಹೂ ಬೇಕೇ ಬೇಕು. ಪಶ್ಚಿಮ ಘಟ್ಟದ ಹೊಳೆಗಳ ಕ್ರಿಪ್ಟೋಕೋರಿನ್ ರೆಟ್ರೋಸ್ಪೈರಾಲಿಸ್ ಮಳೆಗಾಲವನ್ನು ನೀರಿನಡಿ ಕಳೆದು, ಹೊಳೆ ಇಳಿದ ಮೇಲೆ ಹೂ ಬಿಡುತ್ತದೆ. ಆದ್ದರಿಂದ ಗೆಡ್ಡೆಯ ಒಂದು ಮರಿಯನ್ನು ಕುಂಡದಲ್ಲಿ ನೆಟ್ಟು, ಮುಚ್ಚಳವಿರುವ ಗಾಜಿನ ಪೆಟ್ಟಿಗೆಯಲ್ಲಿ ಎರಡು ಬೆರಳಿನಷ್ಟು ನೀರು ನಿಲ್ಲಿಸಿ, ಎಲೆಗಳು ತೇವದ ಗಾಳಿಯಲ್ಲಿರುವಂತೆ ಬೆಳೆಸಿ. ಹೂ ಬಂದಾಗ ಅದರ ಹಾಳೆಯಂಥ ಹೊದಿಕೆಯನ್ನು ಬ್ಲೇಡಿನಿಂದ ಉದ್ದಕ್ಕೆ ಸೀಳಿ, ತಳದ ಪುಟ್ಟ ಗೂಡಿನೊಳಗೆ ನೋಡಿ: ಹೆಣ್ಣು ಹೂಗಳು ಒಂದಕ್ಕೊಂದು ಬೆಸೆದು ಒಂದೇ ಸುತ್ತಿನಲ್ಲಿದ್ದರೆ ಅದು ಕ್ರಿಪ್ಟೋಕೋರಿನ್, ಬಿಡಿಬಿಡಿಯಾಗಿ ಸುರುಳಿಯಲ್ಲಿ ಜೋಡಿಸಿದಂತಿದ್ದರೆ ಲಗೆನಾಂಡ್ರ. ಹೊದಿಕೆಯ ಮೇಲ್ಭಾಗವನ್ನೂ ಚಿತ್ರ ತೆಗೆದಿಡಿ. ಅದರ ಒಳಮೈಯಲ್ಲಿ ಅಡ್ಡಡ್ಡ ಏಣುಗಳಿದ್ದರೆ ಅದು ಕ್ರಿಪ್ಟೋಕೋರಿನ್ ಸ್ಪೈರಾಲಿಸ್ ಇರಬಹುದು. ಈ ಗಿಡವನ್ನು ಸ್ವೀಡನ್ನಿನ ಸಸ್ಯವಿಜ್ಞಾನಿ ರೆಟ್ಸಿಯಸ್ 1779ರಲ್ಲೇ ವಿವರಿಸಿದ್ದರು.

ಪ್ರಶ್ನೆ: ಅಂಗಡಿಯಲ್ಲಿ ಕೊಂಡ ಕೆಂಪು, ಹಸಿರು, ಕಂದು ಎಲೆಗಳ ಗಿಡಗಳಿಗೆಲ್ಲ ಕ್ರಿಪ್ಟೋಕೋರಿನ್ ವೆಂಡ್ಟಿ ಎಂದೇ ಹೆಸರು ಹಾಕಿದ್ದಾರೆ. ಇದು ತಪ್ಪಲ್ಲವೇ?
— ಓದುಗರೊಬ್ಬರು, ಮೈಸೂರು

ಉತ್ತರ: ತಪ್ಪೆನ್ನಲಾಗದು. ಶ್ರೀಲಂಕಾ ಮೂಲದ ಈ ಪ್ರಭೇದದಲ್ಲಿ ಅಷ್ಟೂ ಬಣ್ಣಗಳಿವೆ.

ಇಬ್ಬರಿಗೂ ಒಂದು ಮಾತು. ಹಳ್ಳದ ಗಿಡ ತರುವಾಗ ಅದು ಕಾಡಿನೊಳಗಿನದಾದರೆ ಅರಣ್ಯ ಇಲಾಖೆಯ ಅನುಮತಿ ಪಡೆಯಿರಿ, ಒಂದೇ ಮರಿಯನ್ನು ತನ್ನಿ, ಹಳ್ಳದ ಹೆಸರನ್ನೂ ದಿನಾಂಕವನ್ನೂ ಚೀಟಿಯಲ್ಲಿ ಬರೆದು ಕುಂಡಕ್ಕೆ ಸಿಕ್ಕಿಸಿ. ತೊಟ್ಟಿಯಲ್ಲಿ ಹೆಚ್ಚಾದ ಅಂಗಡಿಯ ಗಿಡಗಳನ್ನು ಎಂದಿಗೂ ಹೊಳೆಗೆ ಬಿಡಬೇಡಿ. ಒಣಗಿಸಿ ಗೊಬ್ಬರದ ಗುಂಡಿಗೆ ಹಾಕಿ.