ಕಾಳಿ ನದಿಯ ನೀರಿನ ಮಟ್ಟವನ್ನು ಜಿಪಿಎಸ್‌ನಿಂದ ಆಗಿಂದಾಗಲೇ ತಿಳಿಯಬಹುದಾ?

ಕಾರವಾರದ ಕೋಡಿಬಾಗದಲ್ಲಿ ಜಿಪಿಎಸ್ ಆಂಟೆನಾ ಇಟ್ಟು, ನೀರಿಗೆ ಏನೂ ಇಳಿಸದೆ ಕಾಳಿಯ ಮಟ್ಟ ಅಳೆಯಬಹುದಾ, ಕದ್ರಾ ಅಣೆಕಟ್ಟಿನಿಂದ ನೀರು ಬಿಟ್ಟರೆ ತಕ್ಷಣ ಗೊತ್ತಾಗುತ್ತದಾ ಅಂತ ಕೇಳಿದ್ದೀರಿ. ಮೊದಲನೆಯದು ಆಗುತ್ತದೆ. ಎರಡನೆಯದಕ್ಕೆ ಇದನ್ನು ನೆಚ್ಚಿಕೊಳ್ಳಬೇಡಿ.

ನಾನು ಸರ್ವೆ ಕೆಲಸದವನು. ಉಪಗ್ರಹದಿಂದ ಹೊರಟು ನೀರಿಗೆ ಬಡಿದು ಬರುವ ಸಿಗ್ನಲ್ ನಮಗೆ ಬರೀ ಕಾಟ. ಇಲ್ಲಿ ಬೇಕಾದದ್ದೇ ಅದು. ನೇರ ಬಂದದ್ದೂ ನೀರಿಗೆ ಬಡಿದು ಬಂದದ್ದೂ ಆಂಟೆನಾದಲ್ಲಿ ಕೂಡುತ್ತವೆ. ಉಪಗ್ರಹ ಮೇಲೇರಿದಂತೆ ಸಿಗ್ನಲ್ ಬಲ ಒಮ್ಮೆ ಹೆಚ್ಚುತ್ತದೆ, ಒಮ್ಮೆ ತಗ್ಗುತ್ತದೆ. ಜಿಪಿಎಸ್‌ನ ಮುಖ್ಯ ಸಿಗ್ನಲ್ ಆದ ಎಲ್1ರ ಅಲೆಯುದ್ದ ಸುಮಾರು 19 ಸೆಂ.ಮೀ. ಆಂಟೆನಾ ನೀರಿಂದ 5 ಮೀಟರ್ ಮೇಲಿದ್ದರೆ, ಉಪಗ್ರಹ ದಿಗಂತದ ಮೇಲೆ 5ರಿಂದ 15 ಡಿಗ್ರಿಗೆ ಏರುವಷ್ಟರಲ್ಲಿ ಸುಮಾರು 9 ಏರಿಳಿತ ಕಾಣುತ್ತದೆ. ನೀರು 1 ಮೀಟರ್ ಏರಿದರೆ ಅದು 7ಕ್ಕೆ ಇಳಿಯುತ್ತದೆ. ಈ ಲೆಕ್ಕದಿಂದಲೇ ಮಟ್ಟ. ಅಲಾಸ್ಕಾದಲ್ಲಿ ಬೇರೆ ಕೆಲಸಕ್ಕೆ ಇಟ್ಟಿದ್ದ ಜಿಪಿಎಸ್‌ನಿಂದ ವಿಜ್ಞಾನಿ ಕ್ರಿಸ್ಟೀನ್ ಲಾರ್ಸನ್ ಮತ್ತು ಜೊತೆಗಾರರು ಸಮುದ್ರದ ಉಬ್ಬರ-ಇಳಿತ ತೆಗೆದು, 2013ರಲ್ಲಿ ಪ್ರಕಟಿಸಿದರು.

ತೊಡಕು ಇಲ್ಲಿದೆ. ಆ 10 ಡಿಗ್ರಿ ಏರಲು ಒಂದು ಉಪಗ್ರಹಕ್ಕೆ ಅರ್ಧ ಗಂಟೆಯ ಹತ್ತಿರ ಬೇಕು. ಹಲವು ಉಪಗ್ರಹಗಳನ್ನು ಸೇರಿಸಿ ಕಾಲ್ಮನ್ ಫಿಲ್ಟರ್ (ಹಳೆಯ ಅಂದಾಜನ್ನು ಹೊಸ ಅಳತೆಯಿಂದ ತಿದ್ದುತ್ತಾ ಹೋಗುವ ಲೆಕ್ಕ) ಹಾಕಿದರೆ ಮಟ್ಟ ಆಗಿಂದಾಗ ಸಿಗುತ್ತದೆ, ನಿಜ. ನಿಧಾನಕ್ಕೆ ಏರುವ ಉಬ್ಬರಕ್ಕೆ ಅದು ಸಾಕು. ಆದರೆ ಕೋಡಿಬಾಗ ಅಳಿವೆಯ ಹತ್ತಿರ, ಅಲ್ಲಿ ಸಮುದ್ರದ್ದೇ ದರ್ಬಾರು. ಅಣೆಕಟ್ಟಿನ ನೀರು ಯಾವುದು, ಉಬ್ಬರ ಯಾವುದು ಅಂತ ಬಿಡಿಸುವುದು ಕಷ್ಟ. ಅದನ್ನು ಕದ್ರಾ-ಮಲ್ಲಾಪುರದ ಕಡೆಯೇ ಅಳೆಯಬೇಕು. ಅಲ್ಲಿ ಗುಡ್ಡಗಳು ತಗ್ಗಿನ ಉಪಗ್ರಹಗಳನ್ನು ಮುಚ್ಚುತ್ತವೆ. ಸೇತುವೆಗೆ ನೇತುಹಾಕುವ ರಾಡಾರ್ ಸೆನ್ಸರೇ ಅಲ್ಲಿಗೆ ಸರಿ.

ಜಾಗದ ಆಯ್ಕೆಯೂ ಬದಲಾಗಬೇಕು. ಕೋಡಿಬಾಗದಿಂದ ನದಿ ಉತ್ತರಕ್ಕೆ, ಅಲ್ವಾ? ನಮ್ಮ ಅಕ್ಷಾಂಶದಲ್ಲಿ ಜಿಪಿಎಸ್ ಉಪಗ್ರಹಗಳು ನೇರ ಉತ್ತರದ ದಿಗಂತದ ಹತ್ತಿರ ಕಾಣುವುದೇ ಇಲ್ಲ. ಅವುಗಳ ಕಕ್ಷೆ ಸಮಭಾಜಕಕ್ಕೆ 55 ಡಿಗ್ರಿಯಷ್ಟೇ ಓರೆ, ಅದಕ್ಕೆ. ಎದುರಿನ ಸದಾಶಿವಗಡದ ದಂಡೆಯಿಂದ ದಕ್ಷಿಣಕ್ಕೆ ನೋಡುವಂತೆ ಇಡಿ. ನಮ್ಮ ದೇಶದ್ದೇ ಜಿಪಿಎಸ್‌ನಂಥ ವ್ಯವಸ್ಥೆ ನಾವಿಕ್‌ನ ಭೂಸ್ಥಿರ ಉಪಗ್ರಹಗಳೂ ಈ ವಿಧಾನಕ್ಕೆ ಬರುವುದಿಲ್ಲ, ಅವು ಏರುವುದೂ ಇಲ್ಲ, ಇಳಿಯುವುದೂ ಇಲ್ಲ.

ದುಬಾರಿ ರಿಸೀವರ್ ಬೇಡ. ಪ್ರತಿ ಉಪಗ್ರಹ ದಿಗಂತದಿಂದ ಎಷ್ಟು ಡಿಗ್ರಿ ಮೇಲಿದೆ ಎಂಬುದು, ದಿಕ್ಕು, ಸಿಗ್ನಲ್ ಬಲ ಕೊಡುವ ಜಿಎಸ್‌ವಿ ಸಾಲು ಬಂದರೆ ಆಯಿತು. ಆಂಟೆನಾ 5 ಮೀಟರ್ ಮೇಲಿದ್ದರೆ, ಉಪಗ್ರಹ 5 ಡಿಗ್ರಿಯಲ್ಲಿದ್ದಾಗ ಸಿಗ್ನಲ್ ನೀರಿಗೆ ಬಡಿಯುವುದು ಸುಮಾರು 57 ಮೀಟರ್ ಆಚೆ. ಅಷ್ಟು ದೂರ ಕಾಂಡ್ಲಾ ಗಿಡ, ಕಟ್ಟಿದ ದೋಣಿ ಇರಬಾರದು.