ರೈಲು ಬಿಟ್ಟು ತೋಟಕ್ಕೆ ಬನ್ನಿ

ನಮಸ್ಕಾರ.

ಮೂಕಿಚಿತ್ರಗಳ ಕಾಲಕ್ಕೂ ಮೊದಲೇ ಚಲಿಸುವ ದೃಶ್ಯ ಸೆರೆಹಿಡಿದ ಸಾಹಸಿ ಲೂಯಿ ಲ ಪ್ರಿನ್ಸ್ ಕುರಿತು ನೀವು ಕಳಿಸಿದ ಲೇಖನ ಓದಿದೆ. ಈಗಿರುವ ರೂಪದಲ್ಲಿ ಪ್ರಕಟಿಸಲು ಆಗುವುದಿಲ್ಲ. ಆದರೆ ಕೈಬಿಡಬೇಡಿ. ಇದರೊಳಗೆ ಒಳ್ಳೆಯ ಬರಹವೊಂದಿದೆ, ಅದನ್ನು ನೀವೇ ಮುಚ್ಚಿಹಾಕಿದ್ದೀರಿ.

1890ರ ಸೆಪ್ಟೆಂಬರ್ 16ರಂದು ಫ್ರಾನ್ಸಿನ ಡಿಜೋನ್‌ನಲ್ಲಿ ಪ್ಯಾರಿಸ್ ರೈಲು ಹತ್ತಿದನೆನ್ನಲಾದ ಆತ ಮುಂದೇನಾದ ಎಂಬುದರ ಸುತ್ತಲೇ ಲೇಖನದ ಮುಕ್ಕಾಲು ಪಾಲು ಗಿರಕಿ ಹೊಡೆಯುತ್ತದೆ. ಆತ್ಮಹತ್ಯೆಯೇ, ಕೊಲೆಯೇ, ಚಲನಚಿತ್ರದ ಯಂತ್ರಕ್ಕೇ ಕೈಹಾಕಿದ್ದ ಅಮೆರಿಕದ ಸಂಶೋಧಕ ಎಡಿಸನ್ ಕೈವಾಡವೇ? ಎಡಿಸನ್ ಮೇಲಿನ ಆರೋಪಕ್ಕೆ ಪುರಾವೆಯಿಲ್ಲ. ‘ಎಂದು ಅನೇಕರು ಹೇಳುತ್ತಾರೆ’ ಎಂದು ಕೊನೆಗೆ ಸೇರಿಸಿದ ಮಾತ್ರಕ್ಕೆ ಕೊಲೆಯ ಆರೋಪ ಹಗುರಾಗದು. ಆ ಪುಟಗಳನ್ನು ತೆಗೆಯಿರಿ. ದೇಹವೂ ಸಿಗಲಿಲ್ಲ, ಸಾಮಾನೂ ಸಿಗಲಿಲ್ಲ ಎಂದರೆ ಸಾಕು. ಪ್ಯಾರಾಕ್ಕೊಂದರಂತೆ ಬರುವ ‘ನಿಗೂಢ’ವೂ ಅವುಗಳ ಜೊತೆಗೇ ಹೋಗಲಿ.

ನನಗೆ ನಿಜವಾಗಿ ಬೇಸರವಾದದ್ದು ಆತನ ಕೆಲಸಕ್ಕೆ ನೀವು ಒಂದೇ ಪ್ಯಾರಾ ಕೊಟ್ಟಿರುವುದಕ್ಕೆ. 1888ರ ಅಕ್ಟೋಬರ್, ಇಂಗ್ಲೆಂಡಿನ ಲೀಡ್ಸ್ ನಗರದ ರೌಂಡ್‌ಹೇ, ಅತ್ತೆ-ಮಾವನ ಮನೆಯ ತೋಟ. ನಾಲ್ವರು ನಡೆದಾಡುತ್ತಾರೆ. ಲ ಪ್ರಿನ್ಸ್ ಸೆರೆಹಿಡಿದ, ಸುಮಾರು ಎರಡು ಸೆಕೆಂಡಿನ ದೃಶ್ಯ. ಮಾವ ಜೋಸೆಫ್ ವಿಟ್ಲಿ ತಿರುಗಿದಾಗ ಕೋಟಿನ ಅಂಚು ಹಾರುತ್ತದೆ, ಅತ್ತೆ ಸಾರಾ ಹಿಂದಕ್ಕೆ ಹೆಜ್ಜೆಯಿಡುತ್ತಾರೆ. ಇದನ್ನು ನೀವು ನೋಡಿದ್ದೀರಾ? ನೋಡಿದ ಗುರುತು ಬರಹದಲ್ಲಿಲ್ಲ. ಸಾರಾ ಅದೇ ತಿಂಗಳ 24ರಂದು ತೀರಿಕೊಂಡರು. ಚಿತ್ರ ಆ ದಿನಕ್ಕಿಂತ ಹಿಂದಿನದು ಎನ್ನಲು ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಇಂಥ ಸಂಗತಿಯನ್ನು ನೀವು ಕಂಸದೊಳಗೆ ತುರುಕಿದ್ದೀರಿ!

ಯಂತ್ರದ ಬಗ್ಗೆ ಬರೆಯಲು ಹೆದರಬೇಡಿ. ಆತ ಮೊದಲು ಕಟ್ಟಿದ್ದು 16 ಮಸೂರಗಳ ಕ್ಯಾಮೆರಾ. ಅದಕ್ಕೆ 1888ರ ಜನವರಿಯಲ್ಲಿ ಅಮೆರಿಕದ ಪೇಟೆಂಟ್ ಸಿಕ್ಕಿತು. ಆದರೆ ಒಂದೊಂದು ಮಸೂರವೂ ಒಂದೊಂದು ಜಾಗದಿಂದ ನೋಡುವಾಗ ಚಿತ್ರಗಳನ್ನು ಸಾಲಾಗಿ ಓಡಿಸಿದರೆ ದೃಶ್ಯ ಕುಪ್ಪಳಿಸದೆ ಇರುತ್ತದೆಯೇ? ತೋಟದ ದೃಶ್ಯ ತೆಗೆದದ್ದು ಒಂದೇ ಮಸೂರದ ಕ್ಯಾಮೆರಾದಲ್ಲಿ, ಈಸ್ಟ್‌ಮನ್ ಕಂಪನಿಯ ಕಾಗದದ ಸುರುಳಿಯ ಮೇಲೆ. ಆ ಕ್ಯಾಮೆರಾ ಇಂದಿಗೂ ಬ್ರಾಡ್‌ಫರ್ಡ್‌ನ ವಸ್ತುಸಂಗ್ರಹಾಲಯದ ಸಂಗ್ರಹದಲ್ಲಿದೆ. ಸೆರೆಹಿಡಿದದ್ದಾಯಿತು, ಪರದೆಯ ಮೇಲೆ ತೋರಿಸುವುದು ಹೇಗೆ? ಕಾಗದದ ಮೂಲಕ ಬೆಳಕು ಸರಿಯಾಗಿ ಹಾಯುವುದಿಲ್ಲ. ಆತ ಆಮೇಲೆ ಹೆಣಗಿದ್ದು ತೋರಿಸುವ ಯಂತ್ರಕ್ಕಾಗಿ. 1895ರಲ್ಲಿ ಲೂಮಿಯೇರ್ ಸಹೋದರರು ಪ್ಯಾರಿಸ್‌ನಲ್ಲಿ ಹಣ ಕೊಟ್ಟು ಬಂದ ಜನರಿಗೆ ಚಿತ್ರ ತೋರಿಸಿದರು. ನ್ಯೂಯಾರ್ಕಿನಲ್ಲಿ ಪ್ರದರ್ಶನಕ್ಕೆ ಸಿದ್ಧತೆ ನಡೆಸಿದ್ದ ಲ ಪ್ರಿನ್ಸ್ ಅದಕ್ಕೆ ಐದು ವರ್ಷ ಮೊದಲೇ ಕಾಣೆಯಾಗಿದ್ದ. ಆತನ ಹೆಸರು ಏಕೆ ಹಿಂದೆ ಬಿತ್ತು ಎಂದು ವಿವರಿಸಲು ಸಂಚಿನ ಕಥೆ ಬೇಡ, ಇಷ್ಟೇ ಸಾಕು.

‘ಸಿನಿಮಾದ ಏಕೈಕ ಪಿತಾಮಹ’ ಎಂಬ ಪಟ್ಟವನ್ನೂ ತೆಗೆಯಿರಿ. ಛಾಯಾಗ್ರಾಹಕ ಮೈಬ್ರಿಜ್ 1878ರಲ್ಲೇ ಓಡುವ ಕುದುರೆಯನ್ನು ಸಾಲು ಕ್ಯಾಮೆರಾಗಳಲ್ಲಿ ಹಿಡಿದಿದ್ದ. ಫ್ರಾನ್ಸಿನ ವಿಜ್ಞಾನಿ ಮಾರೇ 1882ರಲ್ಲಿ ಬಂದೂಕಿನಂಥ ಕ್ಯಾಮೆರಾದಿಂದ ಹಕ್ಕಿಗಳ ಹಾರಾಟ ಹಿಡಿದ. ಲ ಪ್ರಿನ್ಸ್‌ಗೆ ಜಾಗ ಮಾಡಿಕೊಡಲು ಇವರನ್ನು ಅಳಿಸಬೇಕಿಲ್ಲ.

ಕಥೆಯ ಎಳೆಯೇ ಬೇಕೆಂದರೆ ಅಡಾಲ್ಫ್‌ನನ್ನು ಹಿಡಿಯಿರಿ. ತೋಟದ ನಾಲ್ವರಲ್ಲಿ ಲ ಪ್ರಿನ್ಸ್‌ನ ಈ ಮಗನೂ ಒಬ್ಬ. ಹತ್ತು ವರ್ಷದ ನಂತರ, 1898ರಲ್ಲಿ, ಎಡಿಸನ್ ಅಮೆರಿಕನ್ ಮ್ಯೂಟೊಸ್ಕೋಪ್ ಎಂಬ ಚಲನಚಿತ್ರ ಕಂಪನಿಯ ಮೇಲೆ ಹೂಡಿದ್ದ ಪೇಟೆಂಟ್ ಮೊಕದ್ದಮೆಯಲ್ಲಿ ಅಪ್ಪನ ಕೆಲಸದ ಬಗ್ಗೆ ಸಾಕ್ಷಿ ಹೇಳಿದವನು ಅವನು. 1901ರಲ್ಲಿ, ಇನ್ನೂ ಎಳೆಯ ವಯಸ್ಸಿನಲ್ಲೇ ತೀರಿಕೊಂಡ. ಎಡಿಸನ್ ಹೆಸರು ಈ ಕಥೆಯೊಳಗೆ ನ್ಯಾಯವಾಗಿ ಬರುವುದು ಇಲ್ಲಿ, ದಾಖಲೆಯ ಸಮೇತ. ನಿಮ್ಮ ಲೇಖನದಲ್ಲಿ ಅಡಾಲ್ಫ್‌ನ ಹೆಸರೇ ಇಲ್ಲ.

ತೋಟದಿಂದ ಶುರುಮಾಡಿ, ಕೋರ್ಟಿನಲ್ಲಿ ಮುಗಿಸಿ. ರೈಲು ನಡುವೆ ಹಾದುಹೋಗಲಿ. 1,200 ಪದಗಳೊಳಗೆ ತಿದ್ದಿ ಕಳಿಸಿ, ನಾನೇ ಓದಿ ಉತ್ತರಿಸುತ್ತೇನೆ.

ಸಂಪಾದಕ