ಕಮ್ಯುನಿಟಿ ಕಾಲೇಜಿನಿಂದ ಯೂನಿವರ್ಸಿಟಿಗೆ ಹೋದಮೇಲೆ ಹೊಂದಿಕೊಳ್ಳೋದು ಹೇಗೆ?

ಎರಡು ವರ್ಷ ಕಮ್ಯುನಿಟಿ ಕಾಲೇಜಿನಲ್ಲಿ ಒಳ್ಳೆ ಗ್ರೇಡ್ ತೆಗೆದಿದ್ದೀರಿ, ಮುಂದಿನ ತಿಂಗಳು ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾಗೆ ಸೀದಾ ಮೂರನೇ ವರ್ಷಕ್ಕೆ ಸೇರುತ್ತಿದ್ದೀರಿ. ಅಲ್ಲಿ ಎಲ್ಲರಿಗೂ ಆಗಲೇ ಗೆಳೆಯರಿರುತ್ತಾರೆ, ನಾನೊಬ್ಬನೇ ಆಗಿಬಿಡ್ತೀನಾ ಅಂತ ಕೇಳಿದ್ದೀರಿ. ಗೆಳೆಯರ ಚಿಂತೆ ಆಮೇಲೆ ಮಾಡಿ. ನನ್ನನ್ನು ಮಲಗಿಸಿದ್ದು ಒಂಟಿತನ ಅಲ್ಲ, ವೇಗ.

ನಾನು ಹಾಸನದವಳು. ಡಿಗ್ರಿ ಅರ್ಧಕ್ಕೆ ಬಿಟ್ಟು, ಮದುವೆಯಾಗಿ ಕ್ಯಾಲಿಫೋರ್ನಿಯಾದ ಫ್ರೀಮಾಂಟಿಗೆ ಬಂದೆ. ಅಲ್ಲಿನ ಓಲೋನಿ ಕಾಲೇಜಿನಲ್ಲಿ 60 ಯೂನಿಟ್ (ಅಂದರೆ ಕ್ರೆಡಿಟ್) ಮುಗಿಸಿ, 26ನೇ ವಯಸ್ಸಿಗೆ ಯೂನಿವರ್ಸಿಟಿ ಆಫ್ ಕ್ಯಾಲಿಫೋರ್ನಿಯಾದ ಡೇವಿಸ್ ಕ್ಯಾಂಪಸ್ಸಿನಲ್ಲಿ, ಅಂದರೆ ಯೂಸಿ ಡೇವಿಸ್‌ನಲ್ಲಿ, ಸ್ಟ್ಯಾಟಿಸ್ಟಿಕ್ಸ್‌ಗೆ ಸೇರಿದೆ. ಊರಿನಿಂದ ಓದುತ್ತಿರುವವರಿಗೆ ಒಂದು ಮಾತು: ಕಮ್ಯುನಿಟಿ ಕಾಲೇಜು ಅಂದರೆ ಮನೆ ಹತ್ತಿರದ ಎರಡು ವರ್ಷದ ಸರ್ಕಾರಿ ಕಾಲೇಜು. ಕ್ಯಾಲಿಫೋರ್ನಿಯಾದ ನಿವಾಸಿಗಳಿಗೆ ಯೂನಿಟ್‌ಗೆ 46 ಡಾಲರ್ ಫೀಸು. ಕ್ಲಾಸಲ್ಲಿ ಮೂವತ್ತು ಜನ, ಮೇಷ್ಟ್ರಿಗೆ ನನ್ನ ಹೆಸರು ಗೊತ್ತಿತ್ತು, ಅದನ್ನು ಸರಿಯಾಗಿ ಕರೆಯೋದನ್ನೂ ಕಲಿತಿದ್ದರು.

ಡೇವಿಸ್‌ನಲ್ಲಿ ಮೊದಲ ದಿನವೇ ಬಿದ್ದೆ. ನಿಜವಾಗಿಯೂ ಬಿದ್ದೆ. ಅದು ಸೈಕಲ್ಲಿನ ಊರು. ಕ್ಯಾಂಪಸ್ಸಿನಲ್ಲಿ ದಾರಿಗಳು ಸೇರುವ ಕಡೆ ಸೈಕಲ್ಲಿಗೇ ಅಂತ ಪುಟ್ಟ ಪುಟ್ಟ ಸರ್ಕಲ್ಲುಗಳಿವೆ. ಹೈಸ್ಕೂಲಿಗೆ ಸೈಕಲ್ಲಲ್ಲೇ ಹೋಗುತ್ತಿದ್ದವಳು, ನನಗೇನು ಭಯ? ನಮ್ಮೂರ ಅಭ್ಯಾಸದಂತೆ ಎಡಕ್ಕೆ ತಿರುಗಿಸಿದೆ. ಇಲ್ಲಿ ಎಲ್ಲರೂ ಬಲಕ್ಕೆ ತಿರುಗಿ ಸುತ್ತು ಹಾಕುತ್ತಾರೆ. ಎದುರಿನಿಂದ ಬಂದ ಹುಡುಗನ ಕಾಫಿ ಪೂರ್ತಿ ನನ್ನ ಕುರ್ತಾ ಮೇಲೆ. ಪಾಪ, ಅವನೇ ಸಾರಿ ಕೇಳಿದ.

ಓದಿನಲ್ಲೂ ಆಗಿದ್ದು ಹೆಚ್ಚುಕಡಿಮೆ ಅದೇ. ಹಳೇ ಅಭ್ಯಾಸದಲ್ಲೇ ನುಗ್ಗಿದೆ. ಓಲೋನಿಯಲ್ಲಿ ಸೆಮಿಸ್ಟರ್ ಇತ್ತು. ಮೊದಲ ಎರಡು ವಾರ ಸುಮ್ನೆ ಕೂತು ಮೇಷ್ಟ್ರು ಹೇಗೆ, ಪುಸ್ತಕ ಹೇಗೆ ಅಂತ ನೋಡಿಕೊಳ್ಳುತ್ತಿದ್ದೆ. ಡೇವಿಸ್‌ನಲ್ಲಿ ಕ್ವಾರ್ಟರ್. ಹತ್ತು ವಾರ ಪಾಠ, ಆಮೇಲೆ ಫೈನಲ್ಸ್, ಮುಗೀತು. ನಾನು ನೋಡಿಕೊಳ್ಳುವಷ್ಟರಲ್ಲಿ ನಾಲ್ಕನೇ ವಾರ ಬಂದು ರಿಗ್ರೆಶನ್ ಕೋರ್ಸಿನ ಮಿಡ್‌ಟರ್ಮ್ ಎದುರಿಗೆ ನಿಂತಿತ್ತು. ನೂರಕ್ಕೆ 58. ಆ ಶುಕ್ರವಾರ ಫ್ರೀಮಾಂಟಿಗೆ ವಾಪಸ್ ಹೋಗುವ ರೈಲಿನಲ್ಲಿ, ಮಾರ್ಟಿನೆಜ್ ಹತ್ತಿರದ ಸೇತುವೆ ದಾಟುವವರೆಗೂ ಕಿಟಕಿ ಕಡೆ ಮುಖ ಮಾಡಿಕೊಂಡು ಅತ್ತೆ. ವಾರಪೂರ್ತಿ ಡೇವಿಸ್‌ನಲ್ಲಿ ಬಾಡಿಗೆ ರೂಮು, ವಾರದ ಕೊನೆಗೆ ಮನೆ. ಗಂಡನಿಗೆ ಆ ಅಂಕ ಹೇಳಿದ್ದು ಭಾನುವಾರ ರಾತ್ರಿ.

ಇದಕ್ಕೆ ‘ಟ್ರಾನ್ಸ್‌ಫರ್ ಶಾಕ್’ ಅಂತ ಹೆಸರೇ ಇದೆಯಂತೆ, 1965ರಿಂದಲೂ. ಮೊದಲ ಅವಧಿಯಲ್ಲಿ ಅಂಕ ಇಳಿಯುತ್ತೆ, ಆಮೇಲೆ ಹೆಚ್ಚಿನವರು ಚೇತರಿಸಿಕೊಳ್ಳುತ್ತಾರೆ. ಆದರೆ ನನಗೆ ಯಾರೂ ಬಿಡಿಸಿ ಹೇಳದ ವಿಷಯ ಇನ್ನೊಂದು. ಕಮ್ಯುನಿಟಿ ಕಾಲೇಜಿನ ಯೂನಿಟ್‌ಗಳು ನಿಮ್ಮ ಜೊತೆ ಬರುತ್ತವೆ, ಗ್ರೇಡು ಬರಲ್ಲ. ಯೂಸಿಯ ಜಿಪಿಎ, ಅಂದರೆ ಗ್ರೇಡುಗಳ ಸರಾಸರಿ, ಖಾಲಿ ಪಾಟಿಯಿಂದ ಶುರು. ಓಲೋನಿಯಲ್ಲಿ ನಾಲ್ಕಕ್ಕೆ ಬಂದಿದ್ದ ನನ್ನ 3.9 ಅಡ್ಮಿಷನ್ ಕೊಡಿಸಿ ಅಲ್ಲೇ ನಿಂತುಕೊಂಡಿತು. ಹಾಗಾಗಿ ಮೊದಲ ಕ್ವಾರ್ಟರಿನಲ್ಲಿ ಒಂದು ಸಿ ಬಂದರೂ ಅದನ್ನು ಮುಚ್ಚಲು ಹಿಂದೆ ಏನೂ ಇರಲ್ಲ. ಮೊದಲ ಸಲ ದಯವಿಟ್ಟು ಜಾಸ್ತಿ ಯೂನಿಟ್ ತಗೋಬೇಡಿ. 12 ಇದ್ದರೂ ಫುಲ್ ಟೈಮ್ ಅಂತಲೇ ಲೆಕ್ಕ. ಕಷ್ಟದ ಎರಡು ಕೋರ್ಸು, ಹಗುರದ್ದು ಒಂದು. ನಾನು ಕಷ್ಟದ್ದೇ ನಾಲ್ಕು ತಗೊಂಡಿದ್ದೆ, ಎರಡು ವರ್ಷದಲ್ಲಿ ಮುಗಿಸಿಬಿಡುತ್ತೇನೆ ಅನ್ನೋ ಹಮ್ಮು.

ಇನ್ನು ಆಫೀಸ್ ಅವರ್ಸ್, ಅಂದರೆ ಪ್ರೊಫೆಸರ್ ತಮ್ಮ ರೂಮಿನಲ್ಲಿ ವಿದ್ಯಾರ್ಥಿಗಳಿಗೆ ಸಿಗುವ ಹೊತ್ತು. ನಮ್ಮ ಕಡೆ ಸ್ಟಾಫ್ ರೂಮಿಗೆ ಕರೆದರು ಅಂದರೆ ಬೈಸಿಕೊಳ್ಳೋಕೆ ಅಂತಲೇ ಅರ್ಥ, ಅಲ್ವಾ? ಆ ಹೆದರಿಕೆ ಇಪ್ಪತ್ತಾರಕ್ಕೂ ಹೋಗಿರಲಿಲ್ಲ. ಐದನೇ ವಾರ ಹೋದೆ. ಬಾಗಿಲು ತೆರೆದಿತ್ತು. ಕ್ಲಾಸಲ್ಲಿ ನೂರೈವತ್ತು ಜನ, ಒಳಗೆ ಇದ್ದ ವಿದ್ಯಾರ್ಥಿಗಳು ಇಬ್ಬರೇ. ಏನು ಕೇಳಬೇಕು ಗೊತ್ತಾಗದೆ ಮಿಡ್‌ಟರ್ಮ್ ಪೇಪರನ್ನೇ ಮೇಜಿನ ಮೇಲೆ ಇಟ್ಟೆ. ಪ್ರೊಫೆಸರ್ ಮೂರನೇ ಲೆಕ್ಕದ ಮೇಲೆ ಬೆರಳಿಟ್ಟು, ‘ಉತ್ತರ ಸರಿ ಇದೆ, ಯಾಕೆ ಅಂತ ಬರೆದಿಲ್ಲ’ ಅಂದರು. ನಾನು ಅಲ್ಲಿಯವರೆಗೆ ಉತ್ತರ ಬಂದರೆ ಸಾಕು ಅಂದುಕೊಂಡಿದ್ದೆ. ಅಲ್ಲಿಂದ ಫೈನಲ್‌ವರೆಗೆ ಅದೊಂದನ್ನೇ ತಿದ್ದಿಕೊಂಡೆ, ಬಿ ಬಂತು. ನೀವು ಐದನೇ ವಾರದವರೆಗೆ ಕಾಯಬೇಡಿ. ಪ್ರಶ್ನೆ ಇಲ್ಲದಿದ್ದರೂ ಮೊದಲ ವಾರವೇ ಹೋಗಿ ಮುಖ ತೋರಿಸಿ ಬನ್ನಿ.

ಗೆಳೆಯರು? ಹಾಸ್ಟೆಲಿನಲ್ಲಿ ಎರಡು ವರ್ಷ ಒಟ್ಟಿಗೆ ಇದ್ದವರ ಗುಂಪಿಗೆ ನಾನು ಕೊನೆಯವರೆಗೂ ಸೇರಲಿಲ್ಲ. ಪ್ರಯತ್ನವನ್ನೂ ಮಾಡಲಿಲ್ಲ, ಅವರು ಹತ್ತೊಂಬತ್ತು ಇಪ್ಪತ್ತರ ಮಕ್ಕಳು. ನನಗೆ ಗೆಳೆಯರು ಸಿಕ್ಕಿದ್ದು ಡಿಸ್ಕಷನ್ ಸೆಕ್ಷನ್ನಿನ, ಅಂದರೆ ದೊಡ್ಡ ಪಾಠದ ಜೊತೆಗಿನ ಚಿಕ್ಕ ಕ್ಲಾಸಿನ, ಕೊನೇ ಬೆಂಚಿನಲ್ಲಿ. ಒಬ್ಬರು ಸೈನ್ಯ ಬಿಟ್ಟು ಬಂದವರು, ಇನ್ನೊಬ್ಬಳು ನನ್ನ ಹಾಗೇ ಟ್ರಾನ್ಸ್‌ಫರ್. ಗುರುವಾರ ಸಂಜೆ ಲೈಬ್ರರಿಯಲ್ಲಿ ಹೋಮ್‌ವರ್ಕ್, ಹೊರಗಿನ ಬೆಂಚಿನ ಮೇಲೆ ನನ್ನ ಡಬ್ಬಿಯ ಪುಳಿಯೋಗರೆ. ಸೈನ್ಯದವರು ಅದಕ್ಕೆ ಹಾಟ್ ಸಾಸ್ ಹಾಕಿಕೊಂಡು ತಿನ್ನುತ್ತಿದ್ದರು. ಕಣ್ಣು ಮುಚ್ಚಿಕೊಳ್ಳುತ್ತಿದ್ದೆ.

ನೀವು ಯಾವ ಕ್ಯಾಂಪಸ್ ಅಂತ ಬರೆದಿಲ್ಲ. ಬರ್ಕ್ಲಿ ಅಥವಾ ಮರ್ಸೆಡ್ ಆದರೆ ಸೆಮಿಸ್ಟರೇ ಇರುತ್ತೆ, ನಾನು ವೇಗದ ಬಗ್ಗೆ ಹೇಳಿದ್ದರಲ್ಲಿ ಅರ್ಧ ಬಿಟ್ಟುಬಿಡಿ. ಡೇವಿಸ್ ಆದರೆ ಸರ್ಕಲ್ಲಿನಲ್ಲಿ ಬಲಕ್ಕೆ.